ಹಳೇ ಕಪಾಟ ತರಾಕ ನಾಚಿಕಿ ಯಾಕ?

ಹೊಸ ಮನಿ ಮಾಡಿದ ಕೂಡಲೇ ಕಂತಿನ ಮ್ಯಾಲೆ ಥಳಥಳ ಕಪಾಟ ತರೋದು ನನಗಂತೂ ಸರಿ ಕಾಣಂಗಿಲ್ಲ ನೋಡ್ರಿ. ಅದರಾಗ ಭಾಳಷ್ಟು ಕಟಗಿ ಪುಡಿಗೆ ಅಂಟು ಹಾಕಿ ಒತ್ತಿದ ಹಲಗಿ. ನೀರು ತಾಗಿದ್ರ ಉಬ್ಬತದ, ಒಮ್ಮೆ ಕಿತ್ತ ಸ್ಕ್ರೂ ಮತ್ತ ಗಟ್ಟಿ ಕೂಡಂಗಿಲ್ಲ. ನಮ್ಮ ಕಡೆ ವರ್ಗಾ ಆಗಿ ಊರು ಬಿಡೋರು, ಹಳೇ ಮನಿ ಕೆಡವೋರು ಸಾಗವಾನಿ ಸಾಮಾನ ಮಾರತಾರ, ಅವರನ್ನ ಕೇಳ್ರಿ. ತರೋಕಿಂತ ಮೊದಲ ಹಿಂದಿನ ಹಲಗಿ, ಕಾಲು ನೋಡ್ರಿ. ಸಣ್ಣ ತೂತು, ಕೆಳಗ ಹಿಟ್ಟಿನಂಥಾ ಪುಡಿ ಕಂಡ್ರ ಒಳಗ ಹುಳ ಅದ, ಬ್ಯಾಡ. ಗಾಡಿ ಬಾಡಗಿನೂ ಲೆಕ್ಕಾ ಹಿಡದು ಚೌಕಾಸಿ ಮಾಡ್ರಿ. ಗಾದಿ ಮಾತ್ರ ಹೊಸಾದೇ ಇರಲಿ. ಮನಿಗೆ ತಗಣಿ ಹೊಕ್ರ ಉಳಿಸಿದ್ದೆಲ್ಲಾ ಹೋತು. ಮಂದಿ ಏನಂದಾರು ಅಂತೀರೇನು? ಕಂತು ಕಟ್ಟೋರು ನಾವs ಅಲ್ಲೇನ್ರಿ, ವೈನಿ!