ಪ್ರಾಚೀನ ಭೂಪಟಗಳ ಸಂಗ್ರಹ: ಹವ್ಯಾಸವೂ ಹೊಣೆಯೂ

‘ದೇಶ ಸುತ್ತು, ಕೋಶ ಓದು’ ಎಂಬುದು ಹಿರಿಯರು ಹೇಳುತ್ತ ಬಂದ ಮಾತು. ಈ ಎರಡು ಕೆಲಸಗಳನ್ನೂ ಏಕಕಾಲದಲ್ಲಿ ಮಾಡಿಸುವ ವಸ್ತುವೊಂದಿದ್ದರೆ ಅದು ಭೂಪಟಗಳ ಸಂಪುಟ. ಅಟ್ಲಾಸ್ ಎಂದು ಕರೆಯುವ ಆ ಗ್ರಂಥವನ್ನು ತೆರೆದವನು ಕುಳಿತಲ್ಲಿಯೇ ದೇಶ ಸುತ್ತುತ್ತಾನೆ. ಅದೇ ಹೊತ್ತಿಗೆ ಕೋಶವನ್ನೂ ಓದುತ್ತಾನೆ. ಮೂರು ನಾಲ್ಕು ನೂರು ವರ್ಷಗಳಷ್ಟು ಹಳೆಯ ಭೂಪಟಗಳನ್ನು ಹಣ ತೆತ್ತು ಕೊಂಡು ಕೂಡಿಡುವ ಹವ್ಯಾಸ ಯುರೋಪು, ಅಮೆರಿಕಗಳಲ್ಲಿ ಬಹುಕಾಲದಿಂದ ಬೆಳೆದು ಬಂದಿದೆ. ಭಾರತದಲ್ಲಿಯೂ ಅದಕ್ಕೆ ಒಲಿದವರಿದ್ದಾರೆ. ಹವ್ಯಾಸವೇನೋ ಸ್ತುತ್ಯವಾದುದೇ. ಆದರೆ ದೇಶದ ಚಿತ್ರದ ಆಸೆಗಾಗಿ ಕೋಶವನ್ನೇ ಹರಿಯುವ ಪ್ರವೃತ್ತಿಯೊಂದು ಅದರ ಬೆನ್ನಿಗೇ ಬೆಳೆದಿದೆ. ಅದನ್ನು ತಡೆಯುವ ಶಕ್ತಿ ಮಾರುವವನಿಗಿಂತ ಹೆಚ್ಚಾಗಿ ಕೊಳ್ಳುವವನ ಕೈಯಲ್ಲಿದೆ.

ಹಳೆಯ ಭೂಪಟವನ್ನು ದಾರಿ ತಿಳಿಯಲೆಂದು ಯಾರೂ ಕೊಳ್ಳುವುದಿಲ್ಲ. ಮನುಷ್ಯನು ಅರಿವಿನ ದಾರಿಯಲ್ಲಿ ಎಡವಿದ ಹೆಜ್ಜೆಗಳೂ ಅದರಲ್ಲಿ ಉಳಿದಿರುತ್ತವೆ. ಅದೇ ಅದರ ಆಕರ್ಷಣೆ. ಹದಿನೇಳನೆಯ ಶತಮಾನದ ಅನೇಕ ಭೂಪಟಗಳಲ್ಲಿ ಕ್ಯಾಲಿಫೋರ್ನಿಯ ಒಂದು ದ್ವೀಪ. ಅದು ದ್ವೀಪವಲ್ಲವೆಂದು ನಡೆದು ನೋಡಿ ಬಂದವರು ಹೇಳಿದ ಮೇಲೂ ತಪ್ಪು ಅಳಿಯಲಿಲ್ಲ. 1747ರಲ್ಲಿ ಸ್ಪೇನಿನ ಅರಸನು ರಾಜಾಜ್ಞೆಯಿಂದಲೇ ಅದನ್ನು ಸಾರಬೇಕಾಯಿತು. ಬಂಗಾಳದ ಪೂರ್ವಕ್ಕೆ ಚಿಯಾಮೈ ಎಂಬ ಮಹಾಸರೋವರವಿದ್ದು ಅದರಿಂದ ಹಲವು ನದಿಗಳು ಹುಟ್ಟುತ್ತವೆಂದು ಯುರೋಪಿನ ಭೂಪಟಕಾರರು ತಲೆಮಾರುಗಟ್ಟಲೆ ಬರೆಯುತ್ತ ಹೋದರು. ಅಂಥ ಸರೋವರ ಎಂದೂ ಇರಲಿಲ್ಲ. ಒಬ್ಬನು ಬರೆದುದನ್ನು ಮತ್ತೊಬ್ಬನು ನಂಬಿ ನಕಲು ಮಾಡುವುದರಿಂದ ಸುಳ್ಳಿಗೂ ಎಷ್ಟು ದೀರ್ಘಾಯುಷ್ಯ ದೊರೆಯುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ.

ಇಂಥ ಪಾಠ ದೊರೆಯಬೇಕಾದರೆ ಭೂಪಟವು ತನ್ನ ಗ್ರಂಥದೊಡನೆ ಇರಬೇಕು. ಅಬ್ರಹಾಂ ಆರ್ಟೀಲಿಯಸ್ ಎಂಬ ಮಹನೀಯನ ಕೃತಿಯೇ ಇದಕ್ಕೆ ಸಾಕ್ಷಿ. ಆಂಟ್ವರ್ಪ್ ನಗರದ ಈತನು 1547ರಲ್ಲಿ ಕಸುಬುದಾರರ ಸಂಘವನ್ನು ಸೇರಿದ್ದು ಭೂಪಟಗಳಿಗೆ ಬಣ್ಣ ಹಾಕುವವನಾಗಿ. ಮುಂದೆ ಭೂಪಟಗಳ ವ್ಯಾಪಾರವನ್ನೂ ನಡೆಸಿದ. 1570ರಲ್ಲಿ ಆತನು 53 ಪಟಗಳ ಸಂಪುಟವೊಂದನ್ನು ಪ್ರಕಟಿಸಿದ. ಒಂದೇ ಅಳತೆಯ ಹಾಳೆಗಳಲ್ಲಿ, ಒಂದೇ ಕ್ರಮದಲ್ಲಿ ಇಡೀ ಜಗತ್ತನ್ನು ತೋರಿಸುವ ಮೊದಲ ಆಧುನಿಕ ಅಟ್ಲಾಸ್ ಎಂಬ ಕೀರ್ತಿ ಅದಕ್ಕೆ ಸಂದಿದೆ. ಪ್ರತಿಯೊಂದು ಪಟದ ಬೆನ್ನಿಗೆ ಆ ದೇಶದ ವರ್ಣನೆಯನ್ನು ಆತ ಅಚ್ಚು ಮಾಡಿಸಿದ. ಅದಕ್ಕಿಂತ ಹಿರಿದಾದ ಇನ್ನೊಂದು ಕೆಲಸವನ್ನೂ ಮಾಡಿದ. ಈ ಪಟಗಳು ತನ್ನ ಸ್ವಂತ ಶೋಧವಲ್ಲವೆಂದು ಒಪ್ಪಿಕೊಂಡು, ತನಗೆ ತಿಳಿದಿದ್ದ 87 ಮಂದಿ ಭೂಪಟಕಾರರ ಹೆಸರುಗಳನ್ನು ಪಟ್ಟಿ ಮಾಡಿ ಗ್ರಂಥದ ಆರಂಭದಲ್ಲಿಯೇ ಇರಿಸಿದ. ಪರರ ಶ್ರಮವನ್ನು ಹೆಸರಿಟ್ಟು ನೆನೆಯುವ ಈ ಸೌಜನ್ಯ ಆ ಕಾಲದಲ್ಲಿ ಅಪರೂಪದ್ದು.

ಇಂಥ ಸಂಪುಟವೊಂದು ಬಿಡಿಹಾಳೆಗಳ ಮಾರಾಟಗಾರನ ಕೈ ಸೇರಿದರೆ ಏನಾಗುತ್ತದೆ? ಇಡಿಯಾಗಿ ಕೊಳ್ಳುವ ಶ್ರೀಮಂತರು ಕೆಲವರು. ಒಂದೊಂದು ಹಾಳೆಯನ್ನು ಕೊಳ್ಳುವವರು ಹಲವರು. ಆದುದರಿಂದ ಹೊಲಿಗೆ ಬಿಚ್ಚಿ, ಪಟಗಳನ್ನು ಬೇರ್ಪಡಿಸಿ ಮಾರಿದರೆ ಲಾಭ ಹೆಚ್ಚು ಎಂಬ ಲೆಕ್ಕ ಹುಟ್ಟುತ್ತದೆ. ಜಗತ್ತಿನ ಪಟ ಒಂದು ಮನೆಗೆ, ಏಷ್ಯದ ಪಟ ಇನ್ನೊಂದು ಮನೆಗೆ ಹೋಗುತ್ತದೆ. ಚೌಕಟ್ಟಿನಲ್ಲಿ ಕೂಡಿಸಿದ ಮೇಲೆ ಬೆನ್ನಿನ ಬರಹ ಗೋಡೆಗೆ ಮುಖ ಮಾಡುತ್ತದೆ. ಇನ್ನು ಆ 87 ಹೆಸರುಗಳ ಹಾಳೆ? ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಗೋಡೆಗೆ ಅದು ಬೇಡ. ಹೀಗೆ ಚಿತ್ರಗಳು ಉಳಿದು, ಅವುಗಳನ್ನು ರಚಿಸಿದವರ ಹೆಸರು ದಿಕ್ಕಿಲ್ಲದೆ ಹೋಗುತ್ತದೆ. ಮಾವಿನ ತೋಪನ್ನು ಕಡಿದು ಹಣ್ಣು ಹಂಚಿದಂತೆ ಇದು.

ಕಟ್ಟಿದ ಗ್ರಂಥವೇ ಭೂಪಟಕ್ಕೆ ಕವಚವೆಂಬುದನ್ನು ಇನ್ನೊಂದು ಪ್ರಸಂಗ ತೋರಿಸುತ್ತದೆ. ‘ಅಮೆರಿಕ’ ಎಂಬ ಹೆಸರನ್ನು ಮೊದಲು ಬಳಸಿದ ಭೂಪಟ ಮಾರ್ಟಿನ್ ವಾಲ್ಡ್‌ಸೇಮ್ಯುಲರನದು. 1507ರದು, 12 ಹಾಳೆಗಳದು. ಗೋಡೆಗೆ ಹಚ್ಚಲೆಂದೇ ರಚಿತವಾದ ಆ ಪಟದ ಒಂದೇ ಒಂದು ಪ್ರತಿ ಇಂದು ಉಳಿದಿದೆ. ಅದಾದರೂ ಉಳಿದುದು ಗೋಡೆಗೆ ಹಚ್ಚದೆ ಹೋದುದರಿಂದ. ಯೋಹಾನೆಸ್ ಶೋನರ್ ಎಂಬ ಗಣಿತಜ್ಞನು ಆ ಹಾಳೆಗಳನ್ನು ಕೂಡಿಸಿ ಕಟ್ಟು ಹಾಕಿಸಿ ಇಟ್ಟುಕೊಂಡಿದ್ದ. ಜರ್ಮನಿಯ ವೋಲ್ಫೆಗ್ ಕೋಟೆಮನೆಯಲ್ಲಿ ಮರೆತುಹೋಗಿದ್ದ ಆ ಕಟ್ಟನ್ನು 1901ರಲ್ಲಿ ಯೋಸೆಫ್ ಫಿಷರ್ ಎಂಬ ಜೆಸ್ಯುಯಿಟ್ ಪಾದ್ರಿ ಬೆಳಕಿಗೆ ತಂದರು. 2003ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಒಂದು ಕೋಟಿ ಡಾಲರುಗಳಿಗೆ ಅದನ್ನು ಕೊಂಡಿತು. ಒಬ್ಬ ಸಂಗ್ರಾಹಕನ ವಿವೇಕ ಒಂದು ಭೂಖಂಡದ ಹೆಸರಿನ ಮೊದಲ ದಾಖಲೆಯನ್ನು ಉಳಿಸಿತು. ಸಂಗ್ರಹವೆಂದರೆ ಇದು.

ಬಿಡಿ ಹಾಳೆಗೆ ಬೆಲೆ ಬಂದ ಕಡೆ ಚಾಕುವಿಗೂ ಕೆಲಸ ಬರುತ್ತದೆ. 2005ರ ಜೂನ್ ತಿಂಗಳಲ್ಲಿ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯವೊಂದರ ನೆಲದ ಮೇಲೆ ಸಿಬ್ಬಂದಿಗೆ ಒಂದು ಅಲಗು ಸಿಕ್ಕಿತು. ಅಲ್ಲಿ ಓದುತ್ತ ಕುಳಿತಿದ್ದವನು ಫೋರ್ಬ್ಸ್ ಸ್ಮೈಲಿ ಎಂಬ ಹೆಸರಾಂತ ಭೂಪಟ ವ್ಯಾಪಾರಿ. ಅಮೆರಿಕದ ಹಲವು ಗ್ರಂಥಾಲಯಗಳಿಂದಲೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಿಂದಲೂ 97 ಭೂಪಟಗಳನ್ನು ಕದ್ದುದಾಗಿ ಆತ ಒಪ್ಪಿಕೊಂಡ. ಅವುಗಳ ಬೆಲೆ ಸುಮಾರು 30 ಲಕ್ಷ ಡಾಲರು. 2006ರಲ್ಲಿ ಮೂರೂವರೆ ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಈತನು ಗೋಡೆ ಹಾರಿ ಬಂದ ಕಳ್ಳನಲ್ಲ. ವಿದ್ವಾಂಸನೆಂಬ ಗೌರವದಿಂದ ಬಾಗಿಲು ತೆರೆಸಿಕೊಂಡು ಒಳಗೆ ಬಂದವನು. ಆತನಿಂದ ಕೊಂಡವರೂ ಕಳ್ಳರಲ್ಲ, ಸಭ್ಯರು, ಸುಶಿಕ್ಷಿತರು. ಆದರೆ ‘ಈ ಹಾಳೆ ಯಾವ ಗ್ರಂಥದ್ದು, ಇದಕ್ಕೆ ಮುಂಚೆ ಯಾರ ಬಳಿ ಇತ್ತು’ ಎಂಬ ಪ್ರಶ್ನೆಗೆ ಉತ್ತರ ಬೇಕೆಂದು ಹಟ ಹಿಡಿಯುವ ಪದ್ಧತಿಯೇ ಆ ವ್ಯಾಪಾರದಲ್ಲಿ ಗಟ್ಟಿಯಾಗಿರಲಿಲ್ಲ. ಮೌನವಾಗಿ ಕೊಂಡ ಕೈಗಳಿಲ್ಲದಿದ್ದರೆ ಆ ಅಲಗು ಅಷ್ಟು ಕಾಲ ನಡೆಯುತ್ತಿರಲಿಲ್ಲ.

ಬಿಡಿ ಹಾಳೆಗಳ ಪರವಾಗಿಯೂ ಹೇಳುವ ಮಾತುಗಳಿವೆ. ಅವುಗಳನ್ನು ಕಡೆಗಣಿಸುವುದು ನ್ಯಾಯವಲ್ಲ. ಇಡೀ ಸಂಪುಟ ಧನಿಕರಿಗೆ ಮಾತ್ರ ಎಟುಕುವಂಥದು. ಒಂದು ಹಾಳೆಯಾದರೆ ಒಬ್ಬ ಉಪಾಧ್ಯಾಯನೂ ಕೊಂಡಾನು. ಅದೂ ಅಲ್ಲದೆ ಎಷ್ಟೋ ಸಂಪುಟಗಳು ನೀರು, ಹುಳು, ಅಲಕ್ಷ್ಯಗಳಿಂದ ಮೊದಲೇ ಹಾಳಾಗಿರುತ್ತವೆ. ಅವುಗಳಲ್ಲಿ ಉಳಿದ ಹಾಳೆಗಳನ್ನು ಕಾಪಾಡುವುದು ತಪ್ಪೇನು ಎಂದು ವ್ಯಾಪಾರಿಗಳು ಕೇಳುತ್ತಾರೆ. ಬಹು ಹಿಂದೆಯೇ ಬೇರ್ಪಟ್ಟ ಹಾಳೆಯನ್ನು ಕೊಳ್ಳುವುದರಲ್ಲಿ ದೋಷವಿಲ್ಲ, ನಿಜ. ಆದರೆ ‘ಮೊದಲೇ ಹಾಳಾಗಿತ್ತು’ ಎಂಬ ಮಾತು ಪ್ರತಿಯೊಂದು ಹಾಳೆಗೂ ಹೊಂದುವ ಸಿದ್ಧ ಉತ್ತರವಾಗಬಾರದು. ಗೋಡೆಯ ಅಂದಕ್ಕೆ ಬೇಕಾದವನಿಗೆ ಇಂದು ಒಳ್ಳೆಯ ಮರುಮುದ್ರಣ ಅಲ್ಪ ಬೆಲೆಗೆ ಸಿಗುತ್ತದೆ. ಅಭ್ಯಾಸಕ್ಕೆ ಬೇಕಾದವನಿಗೆ ಡೇವಿಡ್ ರಮ್ಸಿಯವರಂಥ ಸಂಗ್ರಾಹಕರು ತಮ್ಮ ಸಂಗ್ರಹದ ಭೂಪಟಗಳನ್ನು ಗಣಕಯಂತ್ರದಲ್ಲಿ ಯಾರು ಬೇಕಾದರೂ ನೋಡುವಂತೆ ಉಚಿತವಾಗಿ ತೆರೆದಿಟ್ಟಿದ್ದಾರೆ. ಮೂಲಪ್ರತಿಯೇ ಬೇಕೆನ್ನುವವನು ಮೂಲದ ಹೊಣೆಯನ್ನೂ ಹೊರಬೇಕು.

ಆ ಹೊಣೆ ಕಣ್ಣಿನಿಂದ ಆರಂಭವಾಗುತ್ತದೆ. ತಾಮ್ರದ ಫಲಕದಲ್ಲಿ ಕೊರೆದು, ನೆನೆಸಿದ ಕಾಗದದ ಮೇಲೆ ಒತ್ತಿ ತೆಗೆದ ಪಟದ ಸುತ್ತ ಫಲಕದ ಅಂಚಿನ ಒತ್ತುಗುರುತು ಉಳಿದಿರುತ್ತದೆ. ಚಿಂದಿಬಟ್ಟೆಯಿಂದ ಮಾಡಿದ ಹಳೆಯ ಕಾಗದವನ್ನು ಬೆಳಕಿಗೆ ಹಿಡಿದರೆ ಅಚ್ಚಿನ ತಂತಿಗಳ ಗೆರೆಗಳೂ ಎಷ್ಟೋ ವೇಳೆ ತಯಾರಕನ ಜಲಮುದ್ರೆಯೂ ಕಾಣುತ್ತವೆ. ನಡುಮಡಿಕೆ, ಹೊಲಿಗೆಯ ತೂತು, ಬೆನ್ನಿನ ಬರಹ ಇವು ಹಾಳೆಯು ಯಾವ ಗ್ರಂಥದಿಂದ ಬಂತೆಂಬುದನ್ನು ಹೇಳುತ್ತವೆ. ಹುಳು ಕೊರೆದ ರಂಧ್ರ ಕೂಡ ಅಕ್ಕಪಕ್ಕದ ಹಾಳೆಗಳ ರಂಧ್ರದೊಡನೆ ಹೊಂದಿಕೊಂಡು ಸಾಕ್ಷಿ ನುಡಿಯಬಲ್ಲುದು. ಇವುಗಳನ್ನು ನೋಡಲು ಕಲಿತವನು ವಂಚನೆಗೆ ಒಳಗಾಗುವುದು ಕಡಿಮೆ. ವಂಚನೆಗೆ ನೆರವಾಗುವುದೂ ಕಡಿಮೆ. ಕೊಂಡ ಮೇಲೆ ರಸೀದಿಯನ್ನು ಕಾಪಾಡುವುದು, ಅಂಚು ಕತ್ತರಿಸದಿರುವುದು, ಬಿಸಿಲಿಗೆ ಒಡ್ಡದಿರುವುದು, ಕೊನೆಗೆ ಅದು ಯಾರಿಗೆ ಸೇರಬೇಕೆಂಬುದನ್ನು ಬರೆದಿಡುವುದು ಸಂಗ್ರಾಹಕನ ಧರ್ಮ. ಗ್ರಂಥಾಲಯಗಳಾದರೋ ಸಂಪುಟದ ಹೆಸರನ್ನಷ್ಟೇ ಅಲ್ಲದೆ ಒಳಗಿನ ಪ್ರತಿಯೊಂದು ಪಟವನ್ನೂ ಎಣಿಸಿ ದಾಖಲೆ ಮಾಡಬೇಕು. ಏನಿತ್ತೆಂದು ತಿಳಿಯದವನಿಗೆ ಏನು ಹೋಯಿತೆಂದೂ ತಿಳಿಯದು.

ಭಾರತಕ್ಕೆ ಈ ವಿಷಯ ದೂರದ್ದಲ್ಲ. ಜೇಮ್ಸ್ ರೆನಲ್ 1782ರಲ್ಲಿ ಹಿಂದೂಸ್ಥಾನದ ಭೂಪಟವನ್ನು ಪ್ರಕಟಿಸಿ, ಯಾವ ಸ್ಥಳವನ್ನು ಯಾರ ಹೇಳಿಕೆಯ ಆಧಾರದಿಂದ ಗುರುತಿಸಿದೆನೆಂಬುದನ್ನು ವಿವರಿಸುವ ಗ್ರಂಥವನ್ನು ಮರುವರ್ಷವೇ ಹೊರತಂದ. ಪಟ ಗೋಡೆಯ ಮೇಲೆ, ವಿವರಣೆ ಮತ್ತೆಲ್ಲೋ ಆದರೆ ಆ ಶ್ರಮದ ಅರ್ಧ ವ್ಯರ್ಥ. ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡ ಕಾಲಿನ್ ಮೆಕೆಂಜಿಯೂ ನಕ್ಷೆಗಳ ಜೊತೆಗೆ ವರ್ಣನೆಗಳನ್ನು ಬರೆಸಿದ; ಕೈಫಿಯತ್ತುಗಳನ್ನೂ ಶಾಸನಗಳ ಪ್ರತಿಗಳನ್ನೂ ಕೂಡಿಸಿದ. ನಕ್ಷೆಯೂ ನುಡಿಯೂ ಜೊತೆಯಾಗಿ ಉಳಿದುದರಿಂದಲೇ ಇತಿಹಾಸಕಾರರಿಗೆ ಅದು ಗಣಿಯಾಯಿತು. 1972ರ ಪ್ರಾಚ್ಯವಸ್ತು ಕಾಯಿದೆಯು 75 ವರ್ಷಗಳಿಗೂ ಹಳೆಯದಾದ, ಐತಿಹಾಸಿಕ ಮೌಲ್ಯವುಳ್ಳ ಕೈಬರಹ, ದಾಖಲೆಗಳನ್ನು ಪ್ರಾಚ್ಯವಸ್ತುಗಳೆಂದು ಎಣಿಸುತ್ತದೆ; ಖಾಸಗಿಯವರು ಅವುಗಳನ್ನು ದೇಶದಿಂದ ಹೊರಗೆ ಸಾಗಿಸುವುದನ್ನು ನಿಷೇಧಿಸುತ್ತದೆ.

ಆದರೆ ಕಾಯಿದೆ ಕಾಣದ ಕಪಾಟುಗಳೂ ಇವೆ. ಹಳೆಯ ಶಾಲೆಗಳಲ್ಲಿ 1956ಕ್ಕೆ ಮುಂಚಿನ ಅಟ್ಲಾಸುಗಳು, ಬಟ್ಟೆ ಹಚ್ಚಿದ ಗೋಡೆಪಟಗಳು ಇನ್ನೂ ಅಲ್ಲಲ್ಲಿ ಉಳಿದಿರಬಹುದು. ಅವುಗಳಲ್ಲಿ ಕನ್ನಡ ನಾಡು ಮುಂಬಯಿ, ಹೈದರಾಬಾದು, ಮದರಾಸು, ಮೈಸೂರು, ಕೊಡಗು ಎಂಬ ಬೇರೆ ಬೇರೆ ಬಣ್ಣಗಳಲ್ಲಿ ಹಂಚಿಹೋಗಿದೆ. ಏಕೀಕರಣವೆಂದರೆ ಏನೆಂಬುದನ್ನು ಹತ್ತು ಪುಟಗಳ ಪಾಠಕ್ಕಿಂತ ಚೆನ್ನಾಗಿ ಆ ಒಂದು ಪಟ ತಿಳಿಸಬಲ್ಲುದು. ‘ಹಳತಾಯಿತು, ತಪ್ಪಾಯಿತು’ ಎಂದು ಅವು ರದ್ದಿಗೆ ಹೋಗುತ್ತವೆ. ಲಕ್ಷಾಂತರ ರೂಪಾಯಿಯ ಪಟವನ್ನು ಕೊಳ್ಳುವ ಭಾಗ್ಯ ಎಲ್ಲರಿಗಿಲ್ಲ. ಕೈಯಲ್ಲಿರುವುದನ್ನು ಹರಿಯದೆ, ಮಾರದೆ, ಯಾವ ವರ್ಷದ್ದು, ಯಾರಿಂದ ಬಂತೆಂದು ಬರೆದು ಮುಂದಿನ ವಿದ್ಯಾರ್ಥಿಗೆ ಒಪ್ಪಿಸುವ ಭಾಗ್ಯ ಪ್ರತಿಯೊಂದು ಶಾಲೆಗೂ ಇದೆ. ದೇಶವನ್ನು ಉಳಿಸಿಕೊಳ್ಳಬೇಕೆನ್ನುವವರು ಮೊದಲು ಕೋಶವನ್ನು ಇಡಿಯಾಗಿ ಉಳಿಸಬೇಕು.