ಭತ್ತದ ಕಣಜಕ್ಕೆ ಸಕ್ಕರೆ ಕಾಯಿಲೆಯ ಪಾಠ

ಸಿಂಧನೂರು: ಸಕ್ಕರೆ ಕಾಯಿಲೆ ಮನೆತನದಿಂದ ಬರುವಂಥದ್ದು, ಅದಕ್ಕೆ ಮದ್ದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಇದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಅದು ಅರ್ಧ ಸತ್ಯ ಮಾತ್ರ. ಉಳಿದರ್ಧವನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಈ ಭತ್ತದ ಸೀಮೆ ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಮಾನವನ ಹತ್ತನೇ ವರ್ಣತಂತುವಿನಲ್ಲಿ ‘ಟಿಸಿಎಫ್7ಎಲ್2’ ಎಂಬ ವಂಶವಾಹಿ ಇದೆ. ಇದು ತಯಾರಿಸುವ ಪ್ರೋಟೀನು ಇತರ ವಂಶವಾಹಿಗಳನ್ನು ಚಾಲೂ ಮಾಡುವ, ನಿಲ್ಲಿಸುವ ಕೆಲಸ ಮಾಡುತ್ತದೆ. ಇದರ ಒಂದು ರೂಪಾಂತರ ಹೊಂದಿದವರ ಮೇದೋಜೀರಕ ಗ್ರಂಥಿ ಅಗತ್ಯವಿದ್ದಷ್ಟು ಇನ್ಸುಲಿನ್ ಸ್ರವಿಸುವುದಿಲ್ಲ. ಐಸ್‌ಲೆಂಡಿನ ಡಿಕೋಡ್ ಸಂಸ್ಥೆಯ ವಿಜ್ಞಾನಿಗಳು 2006ರಲ್ಲಿ ಇದನ್ನು ಮಧುಮೇಹದೊಂದಿಗೆ ತಳಕು ಹಾಕಿದರು. ತಂದೆ ಅಥವಾ ತಾಯಿಯಿಂದ ಈ ರೂಪಾಂತರದ ಒಂದು ಪ್ರತಿ ಬಂದಿದ್ದರೆ ಅಪಾಯ ಸುಮಾರು ಶೇ 40ರಷ್ಟು ಅಧಿಕ. ಇಬ್ಬರಿಂದಲೂ ಬಂದಿದ್ದರೆ ಮತ್ತೂ ಅಧಿಕ. ಭಾರತೀಯರಲ್ಲೂ ಇದು ನಿಜವೆಂದು ಹೈದರಾಬಾದಿನ ಸಿಸಿಎಂಬಿ ಹಾಗೂ ಪುಣೆಯ ಕೆಇಎಂ ಆಸ್ಪತ್ರೆಯ ಸಂಶೋಧಕರು 2007ರಲ್ಲಿ ದೃಢಪಡಿಸಿದರು.

ಆದರೆ ಅದೇ 2006ರಲ್ಲಿ ಅಮೆರಿಕದಿಂದ ಬಂದ ವರದಿ ಇನ್ನೊಂದು ಮುಖವನ್ನು ತೋರಿಸಿತು. ಮಧುಮೇಹದ ಹೊಸ್ತಿಲಲ್ಲಿದ್ದ ಸುಮಾರು 3,500 ಮಂದಿಯನ್ನು ಗಮನಿಸಿದಾಗ, ರೂಪಾಂತರದ ಎರಡೂ ಪ್ರತಿ ಇದ್ದವರಲ್ಲಿ ಕಾಯಿಲೆ ಹೆಚ್ಚಾಗಿ ಕಾಣಿಸಿತು. ಆದರೆ ತೂಕ ಇಳಿಸಿ, ವಾರಕ್ಕೆ 150 ನಿಮಿಷ ನಡಿಗೆಯಂತಹ ವ್ಯಾಯಾಮ ರೂಢಿಸಿಕೊಂಡ ಗುಂಪಿನಲ್ಲಿ ಈ ಅಂತರ ಬಹುಮಟ್ಟಿಗೆ ಕರಗಿತ್ತು.

ಸಿಂಧನೂರಿನ ಪ್ರಶ್ನೆ ಇರುವುದು ಇಲ್ಲಿಯೇ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಪೂರ್ಣಗೊಂಡ ನಂತರ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ರೊಟ್ಟಿಯ ಜಾಗಕ್ಕೆ ಅನ್ನ ಬಂದಿತು. ಕೈಯಿಂದ ಮಾಡುತ್ತಿದ್ದ ಕಟಾವು ಯಂತ್ರದ ಪಾಲಾಯಿತು. ಮೂರು ತಲೆಮಾರುಗಳಲ್ಲಿ ವಂಶವಾಹಿ ಬದಲಾಗದು. ಬದಲಾಗಿರುವುದು ಊಟ ಮತ್ತು ದುಡಿಮೆ.

ಹಾಗೆಂದು ಅನ್ನ ಬಿಟ್ಟು ರೊಟ್ಟಿಗೆ ಮರಳಿದರೆ ಸಾಕೆನ್ನುವಂತಿಲ್ಲ. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಐಸಿಎಂಆರ್–ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಅಂದಾಜಿಸಿತ್ತು. ಅದೇ ಸಮೀಕ್ಷೆಯ 2025ರ ವರದಿಯ ಪ್ರಕಾರ, ಭಾರತೀಯರ ಆಹಾರಶಕ್ತಿಯ ಶೇ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ. ಈ ಪ್ರಮಾಣ ತಗ್ಗದೆ, ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಳಸಿದರೆ ಪ್ರಯೋಜನ ಕಾಣದು. ತಟ್ಟೆಯಲ್ಲಿ ಅನ್ನ ಕಡಿಮೆಯಾಗಿ ಬೇಳೆ, ಕಾಳು, ಮೊಸರು ಹೆಚ್ಚಬೇಕು.

ಇದಕ್ಕೆ ದುಬಾರಿ ವಂಶವಾಹಿ ಪರೀಕ್ಷೆ ಅನಗತ್ಯ. ತಂದೆತಾಯಿಗೆ ಕಾಯಿಲೆ ಇದ್ದರೆ ಅದೇ ಎಚ್ಚರಿಕೆಯ ಗಂಟೆ. 2024ರಲ್ಲಿ ಕೋಲಾರದಿಂದ ಆರಂಭವಾದ ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆಯು 30 ವರ್ಷ ದಾಟಿದವರ ತಪಾಸಣೆಯನ್ನು ಮನೆ ಬಾಗಿಲಿಗೆ ತಂದಿದೆ. ಮನೆತನದ ಕಾಯಿಲೆ ಎಂದು ಕೈಚೆಲ್ಲುವವರು ಮೊದಲು ರಕ್ತಪರೀಕ್ಷೆಗೆ ಬೆರಳು ಚಾಚುವುದು ಒಳಿತು.