ಅರ್ಧ ನಿಮಿಷಕ್ಕೆ ಒಲಿಯದ ಹಾಡು

ಈ ವಾರ ಎಷ್ಟು ಹೊಸ ಹಾಡು ಕೇಳಿದಿರಿ ಎಂದರೆ ಈಗ ಫೋನೇ ಉತ್ತರ ಕೊಡುತ್ತದೆ. ಸ್ಪಾಟಿಫೈ 2015ರಲ್ಲಿ ಆರಂಭಿಸಿದ ‘ಡಿಸ್ಕವರ್ ವೀಕ್ಲಿ’ ಪ್ರತಿ ಸೋಮವಾರ 30 ಹಾಡುಗಳನ್ನು ಆರಿಸಿ ಕೇಳುಗನ ಮುಂದಿಡುತ್ತದೆ. ಹಿಡಿಸದಿದ್ದರೆ ಬೆರಳು ತಾಗಿಸಿದರಾಯಿತು, ಮುಂದಿನದು ಶುರು. ಹಾಡು 30 ಸೆಕೆಂಡು ಓಡಿದರೆ ಸಾಕು, ಅದು ಕೇಳಿದ ಲೆಕ್ಕಕ್ಕೆ ಸೇರುತ್ತದೆ. ಹಣ ಹಂಚಿಕೊಳ್ಳುವವರಿಗೆ ಈ ಅಳತೆ ಅನುಕೂಲವಿರಬಹುದು. ಕೇಳುಗನೂ ಅದನ್ನೇ ನಂಬಿದರೆ ನಷ್ಟ ಅವನದೇ. ವಾರದಲ್ಲಿ 30 ಹೊಸ ಹಾಡುಗಳ ಮೇಲೆ ಹಾದುಹೋಗುವುದಕ್ಕಿಂತ ಒಂದೇ ಹಾಡನ್ನು ವಾರವಿಡೀ ಕೇಳುವುದು ಮೇಲು.

ಅತಿವಿಲಂಬಿತ ಏಕತಾಳದ ಖಯಾಲನ್ನೇ ನೋಡಿ. 12 ಮಾತ್ರೆಗಳ ಒಂದು ಆವರ್ತನ ಮುಗಿದು ಸಮಕ್ಕೆ ಬರುವಷ್ಟರಲ್ಲೇ ಅರ್ಧ ನಿಮಿಷ ದಾಟಿರುತ್ತದೆ. ಮಲ್ಲಿಕಾರ್ಜುನ ಮನ್ಸೂರರಿಗೆ ಪ್ರಿಯವಾಗಿದ್ದ ಅಪ್ರಚಲಿತ ರಾಗಗಳ, ಜೋಡುರಾಗಗಳ ಚೆಲುವು ಮೊದಲ ಸಲಕ್ಕೆ ದಕ್ಕುವುದು ಅಪರೂಪ. ಒಂದು ರಾಗ ಎಲ್ಲಿ ಸರಿದು ಇನ್ನೊಂದು ಎಲ್ಲಿ ಹೊಕ್ಕಿತೆಂದು ಕಿವಿಗೆ ತಿಳಿಯಲು ಹಲವು ಸಲ ಕೇಳಬೇಕು. ಮನಶ್ಶಾಸ್ತ್ರಜ್ಞ ರಾಬರ್ಟ್ ಜಯಾನ್ಸ್ 1968ರಲ್ಲಿ ತೋರಿಸಿದ್ದೂ ಇದಕ್ಕೆ ಹತ್ತಿರದ ಮಾತನ್ನೇ: ಅರ್ಥ ಗೊತ್ತಿಲ್ಲದ ಪದಗಳು, ಅಪರಿಚಿತ ಮುಖಗಳು ಕೂಡ ಮತ್ತೆ ಮತ್ತೆ ಎದುರಾದಾಗ ಜನರಿಗೆ ಹೆಚ್ಚು ಹಿಡಿಸುತ್ತವೆ. ನಮ್ಮ ಹಳೆಯ ಮೆಚ್ಚಿನ ಹಾಡುಗಳಲ್ಲಿ ಎಷ್ಟೋ ಹೀಗೆಯೇ ಮೆಚ್ಚಿನವಾದವು.

ಹಾಗಾದರೆ ಕೆಟ್ಟ ಹಾಡೂ ಹತ್ತು ಸಲ ಕೇಳಿದರೆ ಒಳ್ಳೆಯದಾಗುತ್ತದೆಯೇ ಎಂದು ಕೇಳಬಹುದು. ಈ ಆಕ್ಷೇಪದಲ್ಲಿ ಹುರುಳಿದೆ. ಕಿವಿಗೆ ಬಿದ್ದು ಬಿದ್ದು ರೂಢಿಯಾಗುವುದು ಬೇರೆ, ಕಿವಿಗೊಟ್ಟು ಕೇಳುವುದು ಬೇರೆ. ಸತ್ವವಿಲ್ಲದ ಹಾಡು ಐದನೇ ಸಲಕ್ಕೆ ಹೊಸದೇನನ್ನೂ ಕೊಡುವುದಿಲ್ಲ, ಸತ್ವವಿರುವುದು ಕೊಡುತ್ತದೆ. ಪುನರಾವರ್ತನೆ ಅಭ್ಯಾಸವನ್ನು ಬೆಳೆಸುವಷ್ಟೇ ಟೊಳ್ಳನ್ನೂ ಬಯಲು ಮಾಡುತ್ತದೆ.

ಸಂಗೀತವನ್ನು ಕತ್ತರಿಸಿದ್ದು ಫೋನ್ ಮಾತ್ರವೇ ಎಂಬುದು ಇನ್ನೊಂದು ಪ್ರಶ್ನೆ. ಕೊನೆಗಾಲವನ್ನು ಮೈಸೂರಿನಲ್ಲಿ ಕಳೆದ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದಾಗ ರಾಗವೊಂದನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕಾಯಿತು. ನಿಜ. ಆದರೆ ಆ ತಟ್ಟೆ ದುಬಾರಿಯಾಗಿತ್ತು. ಕೊಂಡವರು ಅದನ್ನೇ ತಿರುತಿರುಗಿ ಹಾಕುತ್ತಿದ್ದರು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಾಗಲೂ ಒಂದು ಹಾಡು ಹಾರಿಸಲು ಟೇಪನ್ನೇ ಓಡಿಸಬೇಕಿತ್ತು. ಹಾಡಿನ ಅವಧಿ ಕಿರಿದಾಗಿದ್ದರೂ ಅದರ ಜೊತೆಗಿನ ಒಡನಾಟ ದೀರ್ಘವಾಗಿತ್ತು.

ಅದಕ್ಕಾಗಿ ಆ ಕೊರತೆಯ ಕಾಲ ಮರಳಲಿ ಎನ್ನುವುದು ಅವಿವೇಕ. ಅಂಗಡಿಯಲ್ಲಿ ಸಿಗದ ಎಷ್ಟೋ ಹಳೆಯ ಧ್ವನಿಮುದ್ರಿಕೆಗಳು ಇಂದು ಹಳ್ಳಿಯ ಹುಡುಗಿಯ ಫೋನಿನಲ್ಲೂ ಸಿಗುತ್ತವೆ, ಅದು ದೊಡ್ಡ ಲಾಭ. ಅಂದಿನ ಕೇಳುಗನಿಗೆ ಬಡತನ ಕಲಿಸಿದ ಸಂಯಮವನ್ನು ಇಂದಿನವನು ತಾನಾಗಿ ಆರಿಸಿಕೊಳ್ಳಬೇಕು, ಅಷ್ಟೇ. ಮೂವತ್ತರಲ್ಲಿ ಒಂದನ್ನು ತೆಗೆದು, ದಿನಕ್ಕೊಮ್ಮೆ ಪೂರ್ತಿಯಾಗಿ, ಬೇರೆ ಕೆಲಸ ಬದಿಗಿಟ್ಟು ಕೇಳಲಿ. ಆಮೇಲೂ ಬೇಡವೆನಿಸಿದರೆ ಬಿಡಲಿ. ಆಗ ಅದು ಬೆರಳಿನ ಅವಸರವಲ್ಲ, ಕಿವಿಯ ತೀರ್ಮಾನ.